ಪಿಂಗಾಣಿಯ ಕಿರುಮನೆಗಳು : ಒಂದು ವಿವೇಚನೆ

ನಾವು ಅಧ್ಯಾಪನವೃತ್ತಿಗೆ ಸೇರಿದ ಮೊದಲ ವರ್ಷ ಐದನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿ ದಾದಿಯಾಗಿ ದುಡಿಯುತ್ತಿದ್ದಾಳೆ. ಕಳೆದ ರಜೆಯಲ್ಲಿ ಊರಿಗೆ ಬಂದಾಗ ಆಕೆ ಶಾಲೆಗೆಂದು ಒಂದು ಕಾಣಿಕೆಯನ್ನು ತಂದುಕೊಟ್ಟಳು. ಅಂಗೈಯಗಲದ ಪಿಂಗಾಣಿಯ ಬಿಲ್ಲೆ; ಅದರ ಮೇಲೆ ಉಬ್ಬುಕೆಲಸದಲ್ಲಿ ಮೂಡಿಸಿದ ಹಳೆಯ ಕಾಲದ ಒಂದು ಜಿನಸಿನ ಅಂಗಡಿ. ಹಸುರು ಬಾಗಿಲು, ಸಣ್ಣ ಸಣ್ಣ ಗಾಜುಗಳ ಕಿಟಕಿ, ಕಿಟಕಿಯೊಳಗೆ ಚಹದ ಡಬ್ಬಿಗಳು, ಮೇಲುಪ್ಪರಿಗೆಯಲ್ಲಿ ಹೂವಿನ ಕುಂಡ. ಎಲ್ಲವೂ ಕೈಯಿಂದ ಬಣ್ಣ ಹಚ್ಚಿದವು. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ ನಲಿದರು. ಕೊನೆಯ ಸಾಲಿನ ಹುಡುಗನೊಬ್ಬನು ಮಾತ್ರ ಅದನ್ನು ತಿರುಗಿಸಿ ನೋಡಿ, "ಮಾಸ್ಟ್ರೇ, ಇದಕ್ಕೆ ಹಿಂಬದಿಯೇ ಇಲ್ಲವಲ್ಲ! ಅಂಗಡಿಯವನ ಮನೆ ಎಲ್ಲಿ?" ಎಂದು ಕೇಳಿದನು. ತರಗತಿ ನಕ್ಕಿತು. ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಹಳೆಯ ಬ್ರಿಟಿಷ್ ಅಂಗಡಿಗಳನ್ನೂ ಮನೆಗಳನ್ನೂ ಚಿಕ್ಕ ಅಳತೆಯಲ್ಲಿ ಪಿಂಗಾಣಿಯಿಂದ ಮಾಡಿ, ಕೈಯಿಂದ ಬಣ್ಣವಿಟ್ಟು ಮಾರುವುದು ಆ ದೇಶದಲ್ಲಿ ಇನ್ನೂರು ವರ್ಷಗಳಷ್ಟು ಹಳೆಯ ಕಸುಬು. ಇವನ್ನು ಸಂಗ್ರಹಿಸಿ ಕಪಾಟಿನಲ್ಲಿ ಸಾಲಾಗಿ ಇಡುವವರು ಅಲ್ಲಿ ಬಹಳ ಮಂದಿ. ಇಂಥ ವಸ್ತುಗಳನ್ನು ಆಟಿಕೆಯೆಂದು ತಳ್ಳಿಬಿಡುವುದು ಸುಲಭ. ಸುಂದರವೆಂದು ಹೊಗಳಿ ಸುಮ್ಮನಾಗುವುದು ಇನ್ನೂ ಸುಲಭ. ಇವೆರಡೂ ವಿಮರ್ಶೆಯಲ್ಲ. ಕಾವ್ಯವನ್ನು ನೋಡುವಾಗ ನಮ್ಮ ಹಿರಿಯರು ಔಚಿತ್ಯವೆಂಬ ಒರೆಗಲ್ಲನ್ನು ಬಳಸಿದರು. ಯಾವುದು ಎಲ್ಲಿರಬೇಕೋ ಅಲ್ಲಿರುವುದೇ ಔಚಿತ್ಯ. ಕಿರುಮನೆಗಳಿಗೂ ಆ ಒರೆಗಲ್ಲು ಸಲ್ಲುತ್ತದೆ. ದೊಡ್ಡದನ್ನು ಕಿರಿದಾಗಿಸುವವನು ಎಲ್ಲವನ್ನೂ ಉಳಿಸಿಕೊಳ್ಳಲಾರನು; ಏನನ್ನಾದರೂ ಬಿಡಲೇಬೇಕು. ಏನನ್ನು ಇಟ್ಟುಕೊಂಡನು, ಏನನ್ನು ಬಿಟ್ಟನು ಎಂಬುದರಲ್ಲಿಯೇ ಅವನ ಕಲೆಯ ಗುಣವೂ ದೋಷವೂ ಅಡಗಿರುತ್ತವೆ.

ಮೊದಲು ಇವು ಆಗುವ ಬಗೆಯನ್ನು ತಿಳಿಯುವುದು ಒಳ್ಳೆಯದು. ಶಿಲ್ಪಿಯು ಕಟ್ಟಡದ ಮಾದರಿಯನ್ನು ಜೇಡಿಮಣ್ಣಿನಲ್ಲಿ ರೂಪಿಸುತ್ತಾನೆ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ಅಚ್ಚನ್ನು ತೆಗೆಯುತ್ತಾರೆ. ಕೆನೆಯ ಹದಕ್ಕೆ ಕದಡಿದ ಮಣ್ಣನ್ನು ಆ ಅಚ್ಚಿನೊಳಗೆ ಸುರಿದರೆ, ಅಚ್ಚು ನೀರನ್ನು ಹೀರಿಕೊಳ್ಳುತ್ತದೆ. ಒಳಮೈಗೆ ಅಂಟಿದ ಮಣ್ಣು ಗಟ್ಟಿಯಾಗುತ್ತದೆ. ಉಳಿದ ಕದಡನ್ನು ಬಗ್ಗಿಸಿ ತೆಗೆದರೆ ಒಳಗೆ ಪೊಳ್ಳಾದ ಮನೆಯೊಂದು ನಿಲ್ಲುತ್ತದೆ. ಅಚ್ಚಿನ ಸಂದುಗಳಲ್ಲಿ ಎದ್ದ ಏಣುಗಳನ್ನು ಕತ್ತಿಯಿಂದ ಹೆರೆದು, ಒಣಗಿಸಿ, ಆವಿಗೆಯಲ್ಲಿ ಸುಡುತ್ತಾರೆ. ಅನಂತರ ಗಾಜಿನಂತೆ ಹೊಳೆಯುವ ಲೇಪ, ಮತ್ತೆ ಸುಡುವಿಕೆ. ಲೇಪದ ಮೇಲೆ ಹಚ್ಚುವ ಬಣ್ಣಗಳಿಗೆ ಇನ್ನೊಮ್ಮೆ, ಕಡಮೆ ಕಾವಿನಲ್ಲಿ ಸುಡಬೇಕು. ಕೋಬಾಲ್ಟಿನ ನೀಲಿ ಹೆಚ್ಚಿನ ಕಾವನ್ನು ತಾಳುವುದರಿಂದ ಅದನ್ನು ಲೇಪದ ಅಡಿಯಲ್ಲಿಯೇ ಹಚ್ಚಬಹುದು. ಹಳೆಯ ಗೊಂಬೆಗಳಲ್ಲಿ ಮೇಲಿನ ಬಣ್ಣಗಳು ಚಕ್ಕೆ ಚಕ್ಕೆಯಾಗಿ ಉದುರಿದ್ದರೂ ನೀಲಿ ಮಾತ್ರ ಹೊಸತರಂತೆ ಉಳಿದಿರುವುದು ಇದೇ ಕಾರಣದಿಂದ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಚ್ಚು ಒಂದೇ, ಅದರಿಂದ ಬರುವ ಮನೆಗಳು ನೂರಾರು. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಕುಂಚ ಹಿಡಿದ ಕೈ. ಬಾಗಿಲ ಚಿಲಕದ ಚುಕ್ಕೆ ಒಂದರಲ್ಲಿ ತುಸು ಮೇಲೆ, ಒಂದರಲ್ಲಿ ತುಸು ಕೆಳಗೆ. ಆದುದರಿಂದ ಕೈಬಣ್ಣದ ಕಿರುಮನೆಯಲ್ಲಿ ಇಬ್ಬರು ಕರ್ತೃಗಳಿದ್ದಾರೆ: ಹೆಸರುಳ್ಳ ಶಿಲ್ಪಿ ಮತ್ತು ಹೆಸರಿಲ್ಲದ ಬಣ್ಣಗಾರ್ತಿ. ಸಂಗ್ರಾಹಕರು ಮೊದಲನೆಯವರನ್ನು ಕೊಂಡಾಡುತ್ತಾರೆ. ಎರಡನೆಯವರ ಮಾತಿಗೆ ಮುಂದೆ ಬರುತ್ತೇವೆ.

ಈ ಕಲೆಯ ತವರು ಸ್ಟ್ಯಾಫರ್ಡ್‌ಶೈರ್ ಸೀಮೆ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಅಲ್ಲಿನ ಆರು ಪಟ್ಟಣಗಳು ಕುಂಬಾರಿಕೆಯಿಂದಲೇ ಬೆಳೆದವು. 1910ರಲ್ಲಿ ಅವು ಒಂದೇ ಆಡಳಿತಕ್ಕೆ ಸೇರಿದವು. 1820ರಿಂದ 1850ರ ವರೆಗಿನ ಅವಧಿಯಲ್ಲಿ ಅಲ್ಲಿ ಧೂಪದ ಮನೆಗಳೆಂಬ ಸುಂದರ ವಸ್ತುಗಳು ತಯಾರಾದವು. ಇದ್ದಿಲ ಪುಡಿಗೆ ಸಾಂಬ್ರಾಣಿಯನ್ನೂ ಸುಗಂಧವನ್ನೂ ಬೆರಸಿ ಮಾಡಿದ ಗುಳಿಗೆಯನ್ನು ಆ ಪುಟ್ಟ ಮನೆಯೊಳಗೆ ಹೊತ್ತಿಸಿಟ್ಟರೆ, ಹೊಗೆಯು ಅದರ ಹೊಗೆಗೂಡಿನಿಂದ ಸುರುಳಿಯಾಗಿ ಏಳುತ್ತಿತ್ತು. ನೋಡುವವರಿಗೆ ಒಳಗೆ ಯಾರೋ ಅಡಿಗೆ ಮಾಡುತ್ತಿರುವಂತೆ ಭ್ರಮೆ. ಜೇಡಿಮಣ್ಣನ್ನು ಜರಡಿಯಲ್ಲಿ ಒತ್ತಿ ಎಳೆಗಳನ್ನಾಗಿ ಮಾಡಿ, ಗೋಡೆಯ ಬುಡಕ್ಕೆ ಪಾಚಿಯಂತೆ ಹುಲ್ಲಿನಂತೆ ಅಂಟಿಸುತ್ತಿದ್ದರು. ಇದು ಬರಿಯ ಅಲಂಕಾರವಾಗಿರಲಿಲ್ಲ. ಚರಂಡಿಗಳು ಸರಿಯಿಲ್ಲದ ಆ ಕಾಲದ ಮನೆಗಳಲ್ಲಿ ದುರ್ಗಂಧವನ್ನು ಮರೆಸುವುದು ಇದರ ಕೆಲಸವಾಗಿತ್ತು. ಹೊಗೆಯೇಳುವ ಮನೆ ಎಂಬ ರೂಪವೂ ಧೂಪವನ್ನು ಹರಡುವ ಕೆಲಸವೂ ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಔಚಿತ್ಯದ ದೃಷ್ಟಿಯಿಂದ ಈ ಧೂಪದ ಮನೆಗಳಿಗೆ ನಾವು ಎತ್ತರದ ಸ್ಥಾನವನ್ನೇ ಕೊಡುತ್ತೇವೆ.

ಇವುಗಳ ಹಿಂದೆಯೇ ಬಡವರ ಮನೆಗಳನ್ನು ತುಂಬಿದ ಚಪ್ಪಟೆಬೆನ್ನಿನ ಗೊಂಬೆಗಳು ಬಂದವು. ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಗೋಡೆಗೆ ಒರಗಿಸಿಡುವ ವಸ್ತುವಿಗೆ ಹಿಂಬದಿಯ ಅಲಂಕಾರವೇಕೆ ಎಂಬ ಲೆಕ್ಕಾಚಾರದಿಂದ ಬೆನ್ನನ್ನು ಬೋಳಾಗಿ ಬಿಟ್ಟರು, ಬೆಲೆಯೂ ಇಳಿಯಿತು. ಕೆಲಸ ಒರಟು. ಒಂದೇ ಅಚ್ಚಿಗೆ ಬೇರೆ ಬೇರೆ ಹೆಸರು ಬರೆದು ಮಾರಿದ್ದೂ ಉಂಟು. ಬೆಂಜಮಿನ್ ಫ್ರಾಂಕ್ಲಿನ್ನನ ಗೊಂಬೆಯ ಕೆಳಗೆ ವಾಷಿಂಗ್ಟನ್ ಎಂದು ಬರೆದಿರುವುದು ಸಂಗ್ರಾಹಕರಿಗೆ ಚೆನ್ನಾಗಿ ತಿಳಿದ ಸಂಗತಿ. ಇಂಥವರಿಂದ ಕಟ್ಟಡದ ಸರಿಯಾದ ಅಳತೆಯನ್ನು ನಿರೀಕ್ಷಿಸುವುದೇ ತಪ್ಪು.

ಆದರೆ ಅವರು ಆರಿಸಿಕೊಂಡ ಕಟ್ಟಡಗಳನ್ನು ನೋಡಿದರೆ ವಾಚಕರಿಗೆ ಆಶ್ಚರ್ಯವಾದೀತು. 1848ರಲ್ಲಿ ನಾರ್‌ಫೋಕ್ ಸೀಮೆಯ ಸ್ಟ್ಯಾನ್‌ಫೀಲ್ಡ್ ಹಾಲ್ ಎಂಬ ಬಂಗಲೆಯಲ್ಲಿ ಜಮೀನುದಾರನನ್ನೂ ಅವನ ಮಗನನ್ನೂ ಜೇಮ್ಸ್ ರಷ್ ಎಂಬ ಗೇಣಿದಾರನು ಗುಂಡಿಟ್ಟು ಕೊಂದನು. 1849ರಲ್ಲಿ ಅವನಿಗೆ ಗಲ್ಲಾಯಿತು. ಸ್ಟ್ಯಾಫರ್ಡ್‌ಶೈರಿನ ಕುಂಬಾರರು ಆ ಬಂಗಲೆಯನ್ನೂ, ರಷ್ ವಾಸವಾಗಿದ್ದ ಪೊಟ್ಯಾಷ್ ಫಾರ್ಮನ್ನೂ ಪಿಂಗಾಣಿಯಲ್ಲಿ ಮಾಡಿ ಮಾರಿದರು. 1827ರಲ್ಲಿ ಮರಿಯಾ ಮಾರ್ಟೆನ್ ಎಂಬ ಹೆಣ್ಣುಮಗಳು ಕೊಲೆಯಾದ ಸಫೋಕ್ ಸೀಮೆಯ ಕೆಂಪು ಕಣಜವೂ ಹೀಗೆಯೇ ಗೊಂಬೆಯಾಯಿತು. ಕೊಲೆಯಾದ ಮನೆಯನ್ನು ತಂದು ಅಗ್ಗಿಷ್ಟಿಕೆಯ ಮೇಲಿಡುವುದು ಎಂಥ ರುಚಿ ಎಂದು ನಾವು ಹುಬ್ಬೇರಿಸಬಹುದು. ಅದರಲ್ಲಿ ಹಣದಾಸೆಯಿತ್ತು, ಕೆಟ್ಟ ಕುತೂಹಲವಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ಆ ಒರಟು ಗೊಂಬೆಗಳಿಗೆ ಮನೆಯೆಂದರೆ ಗೋಡೆ ಕಿಟಕಿಗಳ ಕಟ್ಟಣೆಯಷ್ಟೇ ಆಗಿರಲಿಲ್ಲ. ಮನುಷ್ಯರಿಗೆ ಏನಾದರೂ ಸಂಭವಿಸಿದ ಸ್ಥಳವಾಗಿತ್ತು. ಅವುಗಳ ಬೆನ್ನು ಬೋಳಾಗಿದ್ದರೂ ಹಿಂದೆ ಒಂದು ಕಥೆಯಿತ್ತು. ಕೊಳ್ಳುವವನಿಗೆ ಅದು ಗೊತ್ತಿತ್ತು.

ಇನ್ನು ಮೂರನೆಯ ಘಟ್ಟ. 1858ರಲ್ಲಿ ವಿಲಿಯಂ ಹೆನ್ರಿ ಗಾಸ್ ಎಂಬಾತನು ಸ್ಟೋಕ್ ಪ್ರದೇಶದಲ್ಲಿ ಪಿಂಗಾಣಿಯ ಉದ್ಯಮವನ್ನು ಆರಂಭಿಸಿದನು. ರೈಲುಗಳು ಹರಡಿದ್ದವು, 1871ರ ಕಾನೂನಿನಿಂದ ದುಡಿಯುವವರಿಗೂ ಕೆಲವು ರಜಾದಿನಗಳು ದೊರೆತವು, ಜನರು ಪ್ರವಾಸ ಹೊರಟರು. ಪ್ರವಾಸ ಹೋದವರಿಗೆ ನೆನಪಿಗೊಂದು ವಸ್ತು ಬೇಕಾಯಿತು. ಗಾಸ್ ಸಂಸ್ಥೆಯು ಒಂದೊಂದು ಊರಿನ ಲಾಂಛನವುಳ್ಳ ಪುಟ್ಟ ಪಾತ್ರೆಗಳನ್ನು ಆಯಾ ಊರಿನ ಒಬ್ಬನೇ ವ್ಯಾಪಾರಿಯ ಮೂಲಕ ಮಾರಿಸಿತು. 1893ರಿಂದ ಪ್ರಸಿದ್ಧ ಮನೆಗಳ ಪ್ರತಿಕೃತಿಗಳೂ ಬಂದವು: ಶೇಕ್ಸ್‌ಪಿಯರನ ಮನೆ, ಅವನ ಪತ್ನಿ ಆನ್ ಹ್ಯಾಥವೇಯ ತವರುಮನೆ, ಕವಿ ಬರ್ನ್ಸನ ಗುಡಿಸಲು, ಲಿಚ್‌ಫೀಲ್ಡಿನ ಡಾಕ್ಟರ್ ಜಾನ್ಸನ್ನನ ಮನೆ, ಲೆಡ್‌ಬರಿಯ ಹಳೆಯ ಮಾರುಕಟ್ಟೆ ಕಟ್ಟಡ. ಕೆಲವು ಮನೆಗಳೊಳಗೆ ರಾತ್ರಿಯ ದೀಪವಿಡುವ ಏರ್ಪಾಡಿತ್ತು. ಕಿಟಕಿಗಳಿಂದ ಬೆಳಕು ಹೊರಸೂಸುತ್ತಿತ್ತು. ಕೆಲಸದ ನಯದಲ್ಲಿ ಇವುಗಳಿಗೆ ಸಾಟಿಯಿಲ್ಲ. ಹುಲ್ಲುಮಾಡಿನ ಬಾಗು, ಇಟ್ಟಿಗೆಯ ಸಾಲು, ಗೋಡೆಗೆ ಹಬ್ಬಿದ ಬಳ್ಳಿ, ಎಲ್ಲವೂ ನಿಜದ ಮನೆಯನ್ನು ನೋಡಿಯೇ ಮಾಡಿದವು.

ಹೀಗಿದ್ದರೂ ನಿಜದ ಮನೆಯೇ ಬದಲಾಗಿದ್ದರೆ? ಶೇಕ್ಸ್‌ಪಿಯರ್ ಹುಟ್ಟಿದ ಮನೆಯನ್ನು 1847ರಲ್ಲಿ ಸಾರ್ವಜನಿಕರ ಪರವಾಗಿ ಕೊಂಡುಕೊಂಡ ಮೇಲೆ, ಬೆಂಕಿಯ ಭಯದಿಂದ ಅಕ್ಕಪಕ್ಕದ ಮನೆಗಳನ್ನು ಕೆಡವಿದರು. 1857ರಿಂದ 1864ರ ವರೆಗೆ ಮನೆಯನ್ನು ಜೀರ್ಣೋದ್ಧಾರ ಮಾಡಿದರು. ಬೀದಿಯ ಸಾಲಿನಲ್ಲಿ ನೆರೆಮನೆಗಳ ಗೋಡೆಗೆ ತಾಗಿ ನಿಂತಿದ್ದ ಮನೆ ಒಂಟಿಯಾಯಿತು. ಗಾಸ್ ಮಾಡಿದ್ದು ಈ ಒಂಟಿ ಮನೆಯ ಪ್ರತಿಕೃತಿ. ಅಳತೆಯಲ್ಲಿ ಅದು ಸುಳ್ಳಲ್ಲ. ಆದರೆ ಕೈಗವಸು ಹೊಲಿಯುವ ತಂದೆಯ ಮಗನಾಗಿ ಜನಜಂಗುಳಿಯ ಬೀದಿಯಲ್ಲಿ ಕವಿ ಬೆಳೆದನೆಂಬ ಸಂಗತಿ ಅದನ್ನು ನೋಡಿದವರಿಗೆ ಹೊಳೆಯದು. ಆನ್ ಹ್ಯಾಥವೇಯ ಮನೆಯ ಮಾತೂ ಹೀಗೆಯೇ. ಅದಕ್ಕೆ ಗುಡಿಸಲೆಂಬ ಹೆಸರು ರೂಢಿಯಲ್ಲಿದೆ. ನಿಜದಲ್ಲಿ ಅದು ಹನ್ನೆರಡು ಕೋಣೆಗಳ ರೈತನ ದೊಡ್ಡ ಮನೆ. ಅಂಗೈಯಲ್ಲಿ ಹಿಡಿಸುವಂತೆ ಮಾಡಿದಾಗ ಅದು ಗುಡಿಸಲೇ ಆಗಿಬಿಟ್ಟಿತು. ಅಳತೆಯ ನಿಷ್ಠೆಯೊಂದರಿಂದಲೇ ನೆನಪಿನ ನಿಷ್ಠೆ ಲಭಿಸುವುದಿಲ್ಲವೆಂಬುದಕ್ಕೆ ಇವೆರಡು ಸಾಕು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಕಸುಬು ಮತ್ತೊಮ್ಮೆ ತಲೆಯೆತ್ತಿತು. 1982ರಲ್ಲಿ ಕಂಬ್ರಿಯಾದ ಪೆನ್‌ರಿತ್ ಎಂಬಲ್ಲಿ ಲಿಲಿಪುಟ್ ಲೇನ್ ಎಂಬ ಸಂಸ್ಥೆ ಹುಟ್ಟಿತು, 2016ರಲ್ಲಿ ಮುಚ್ಚಿತು. ಸ್ವಿಫ್ಟನ ಗಲಿವರನ ಕಥೆಯಲ್ಲಿ ಬರುವ ಕುಳ್ಳರ ನಾಡಿನ ನೆನಪು ಆ ಹೆಸರಿನಲ್ಲಿದೆ. ಆದರೆ ಅಲ್ಲಿನ ಮನೆಗಳು ಆವಿಗೆಯಲ್ಲಿ ಸುಟ್ಟವಲ್ಲ. ಜಿಪ್ಸಮ್ಮಿನ ಗಾರೆಯನ್ನು ಅಚ್ಚಿನಲ್ಲಿ ಎರೆದು ಬಣ್ಣ ಹಚ್ಚಿದವು. ಆದುದರಿಂದ ಅವನ್ನು ಪಿಂಗಾಣಿಯೆನ್ನಲಾಗದು. ಸುಟ್ಟ ಮಣ್ಣಿನ ಹಾದಿಯನ್ನು ಮುಂದುವರಿಸಿದವರಲ್ಲಿ, 1990ರಲ್ಲಿ ಎಸೆಕ್ಸ್ ಸೀಮೆಯಲ್ಲಿ ಆರಂಭವಾದ ಹೇಜಲ್ ಸೆರಾಮಿಕ್ಸ್ ಗಮನಾರ್ಹವಾದುದು. ಅಂಗಡಿಗಳ, ಬೀದಿಯ ಕಟ್ಟಡಗಳ ಮುಂಭಾಗವನ್ನಷ್ಟೇ ಉಬ್ಬುಕೆಲಸದಲ್ಲಿ ಮಾಡಿ, ಕೈಬಣ್ಣವಿಟ್ಟ ಅದರ ಮಾಲೆಗೆ 'ಅಂಗಡಿಕಾರರ ರಾಷ್ಟ್ರ' ಎಂಬ ಅರ್ಥದ ಹೆಸರಿದೆ.

ಅಂಗಡಿಯೇ ಏಕೆ ಎಂಬುದಕ್ಕೆ ಉತ್ತರ ಚರಿತ್ರೆಯಲ್ಲಿದೆ. ತಯಾರಕರು ನಿಗದಿಪಡಿಸಿದ ಬೆಲೆಗೇ ಎಲ್ಲ ಅಂಗಡಿಗಳೂ ಮಾರಬೇಕೆಂಬ ಪದ್ಧತಿಯನ್ನು ಬ್ರಿಟನ್ನಿನ 1964ರ ಕಾನೂನು ಬಹುಮಟ್ಟಿಗೆ ಕೊನೆಗಾಣಿಸಿತು. ದೊಡ್ಡ ಅಂಗಡಿಗಳು ಬೆಲೆಯನ್ನು ಇಳಿಸಿದವು. ಮೂಲೆಯ ಸಣ್ಣ ಅಂಗಡಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. 2007ರಿಂದ 2009ರ ವರೆಗೆ ಸುಮಾರು 2,500 ಅಂಚೆಕಚೇರಿಗಳು ಮುಚ್ಚಿದವು. ಅವುಗಳಲ್ಲಿ ಹಲವು ಹಳ್ಳಿಯ ಅಂಗಡಿಯೊಳಗೇ ಇದ್ದವು. ಬೀದಿಯಲ್ಲಿ ಅಂಗಡಿ ಕಡಮೆಯಾದಂತೆ ಗೋಡೆಯ ಮೇಲೆ ಪಿಂಗಾಣಿಯ ಅಂಗಡಿ ಹೆಚ್ಚಿತು. ಕಳೆದುಕೊಂಡವರು ನೆನಪನ್ನು ಹಿಡಿದುಕೊಳ್ಳುವುದು ಸಹಜ. ಅದನ್ನು ಹಳಿಯುವ ಮನಸ್ಸು ನಮಗಿಲ್ಲ.

ನಮ್ಮ ಆಕ್ಷೇಪ ಬೇರೆ. ಈ ಕಾಲದ ಕಿರುಮನೆಗಳಲ್ಲಿ ಯಾವ ಗೋಡೆಗೂ ಮಸಿಯಿಲ್ಲ. ಯಾವ ಕಿಟಕಿಯ ಗಾಜೂ ಒಡೆದಿಲ್ಲ. ಯಾವ ಅಂಗಡಿಗೂ ಸಾಲವಿಲ್ಲ. ಹೊರಮೈಯ ಹಳಮೆಯೂ ಎಷ್ಟೋ ಸಲ ಹಳಮೆಯಲ್ಲ. ಬಿಳಿಯ ಗೋಡೆಯ ಮೇಲೆ ಕಪ್ಪು ತೊಲೆಗಳುಳ್ಳ ಮನೆಯನ್ನು ಕಂಡೊಡನೆ ನಾವೆಲ್ಲರೂ ಇದು ಹದಿನಾರನೆಯ ಶತಮಾನದ ಇಂಗ್ಲೆಂಡು ಎಂದುಕೊಳ್ಳುತ್ತೇವೆ. ಆದರೆ ಅಂಥ ಮನೆಗಳ ಓಕ್ ತೊಲೆಗಳನ್ನು ಹಿಂದೆ ಅನೇಕ ಕಡೆ ಬಣ್ಣವಿಲ್ಲದೆ ಬಿಡುತ್ತಿದ್ದರು. ಬಿಸಿಲುಮಳೆಗೆ ಅವು ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಅವುಗಳಿಗೆ ಕಪ್ಪು ಬಳಿಯುವ ರೂಢಿ ಹೆಚ್ಚಾಗಿ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ನಿನ ಪೋರ್ಟ್ಸ್‌ಮತ್ ಬೀದಿಯಲ್ಲಿರುವ ಹಳೆಯ ಅಂಗಡಿಯೊಂದಕ್ಕೆ ಡಿಕನ್ಸನ ಕಾದಂಬರಿಯ ಹೆಸರನ್ನು ಇಟ್ಟದ್ದು ಕಾದಂಬರಿ ಬಂದ ಮೇಲೆ. ಕಿರುಮನೆಯ ಕುಂಚ ಇವನ್ನೆಲ್ಲ ಪ್ರಶ್ನಿಸದೆ ಒಪ್ಪಿಕೊಳ್ಳುತ್ತದೆ. ಕೊಲೆಯ ಮನೆಯನ್ನು ಮಾಡಿದ ಒರಟು ಕುಂಬಾರನು ಮನುಷ್ಯರನ್ನು ಮರೆಯಲಿಲ್ಲ. ಇಟ್ಟಿಗೆಗಳನ್ನು ಎಣಿಸಿ ಮಾಡುವ ನಯಗಾರನು ಮರೆತನು.

ಮರೆತವರಲ್ಲಿ ಮೊದಲಿಗರು ಆ ವಸ್ತುಗಳನ್ನು ಮಾಡಿದವರೇ. ಟನ್‌ಸ್ಟಾಲಿನಲ್ಲಿ 1832ರಲ್ಲಿ ಹುಟ್ಟಿದ ಚಾರ್ಲ್ಸ್ ಶಾ ಎಂಬವರು ಏಳನೆಯ ವಯಸ್ಸಿನಲ್ಲಿ ಕುಂಬಾರಿಕೆಯ ಕೆಲಸಕ್ಕೆ ಹೋದರು. ಹಸಿಮಣ್ಣಿನ ತಟ್ಟೆಗಳಿದ್ದ ಅಚ್ಚುಗಳನ್ನು ಹೊತ್ತುಕೊಂಡು, ಬಿಸಿಯಾದ ಒಣಕೋಣೆಗೂ ಕೆಲಸದ ಮೇಜಿಗೂ ದಿನವಿಡೀ ಓಡಾಡುವುದು ಅಂಥ ಮಕ್ಕಳ ಪಾಲಿನ ಕೆಲಸ. ಮುದುಕರಾದ ಮೇಲೆ ಅವರು ಬರೆದ ಬಾಲ್ಯದ ನೆನಪುಗಳು 1903ರಲ್ಲಿ ಪುಸ್ತಕವಾಗಿ ಬಂದವು. ಹೊಳೆಯುವ ಲೇಪದಲ್ಲಿ ಸೀಸವಿರುತ್ತಿತ್ತು. ಅದರಲ್ಲಿ ಪಾತ್ರೆಗಳನ್ನು ಅದ್ದುವವರಿಗೆ ಸೀಸದ ವಿಷವೇರುತ್ತಿತ್ತು. ಕಾರ್ಖಾನೆ ಕಾನೂನುಗಳು ಕುಂಬಾರಿಕೆಗೆ ಅನ್ವಯವಾದದ್ದು 1864ರಲ್ಲಿ. ಹೂಬಳ್ಳಿಯ ಧೂಪದ ಮನೆಗಳನ್ನೂ ಚಪ್ಪಟೆಬೆನ್ನಿನ ಬಂಗಲೆಗಳನ್ನೂ ನೋಡುವಾಗ ಅವು ಅದಕ್ಕಿಂತ ಹಿಂದಿನವು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು. ತಮ್ಮ ವಯಸ್ಸಿನ, ತಮಗಿಂತ ಚಿಕ್ಕವರ ದುಡಿತ ಆ ಮಣ್ಣಿನಲ್ಲಿ ಬೆರೆತಿದೆ.

ಇಷ್ಟೊಂದು ಭಾರವನ್ನು ಒಂದು ಪುಟ್ಟ ಗೊಂಬೆಯ ತಲೆಯ ಮೇಲೆ ಹೇರುವುದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಕೇಳುವುದು ಸರಿಯೇ. ಗೊಂಬೆಯು ಚರಿತ್ರೆಯ ಗ್ರಂಥವಾಗಬೇಕೆಂದು ನಾವು ಹೇಳುವುದಿಲ್ಲ. ಎಲ್ಲವನ್ನೂ ಹೇಳುವುದು ಕಲೆಯ ಕೆಲಸವೂ ಅಲ್ಲ. ಹೇಳದೆ ಹೊಳೆಯಿಸುವುದನ್ನೇ ನಮ್ಮವರು ಧ್ವನಿಯೆಂದರು. ಅದಕ್ಕೆ ಬಹಳ ಸ್ಥಳ ಬೇಡ. ಒಂದು ಉದಾಹರಣೆ: ಇಂಗ್ಲೆಂಡಿನಲ್ಲಿ 1696ರಿಂದ 1851ರ ವರೆಗೆ ಕಿಟಕಿಗಳ ಮೇಲೆ ತೆರಿಗೆಯಿತ್ತು. ತೆರಿಗೆಯನ್ನು ತಪ್ಪಿಸಿಕೊಳ್ಳಲು ಜನರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಬಿಟ್ಟರು. ಅಂಥ ಮುಚ್ಚಿದ ಕಿಟಕಿಗಳು ಹಳೆಯ ಮನೆಗಳಲ್ಲಿ ಇಂದಿಗೂ ಕಾಣುತ್ತವೆ. ಕಿರುಮನೆಯ ಶಿಲ್ಪಿಯು ಸಾಲಿನ ಒಂದು ಕಿಟಕಿಯನ್ನು ಹೀಗೆ ಮುಚ್ಚಿ ತೋರಿಸಿದರೆ ಸಾಕು. ಉಗುರಿನಗಲದ ಆ ಜಾಗದಲ್ಲಿ ಒಂದೂವರೆ ಶತಮಾನದ ಕತ್ತಲೆ ಕಾಣಿಸುತ್ತದೆ. ಅಂಗಡಿಯ ಮೇಲುಪ್ಪರಿಗೆಯ ಕಿಟಕಿಯಲ್ಲಿ ಒಣಹಾಕಿದ ಬಟ್ಟೆಯೊಂದಿದ್ದರೆ ಅಲ್ಲಿ ಸಂಸಾರವಿದೆಯೆಂದು ತಿಳಿಯುತ್ತದೆ. ಇಂಥ ಗುರುತುಗಳುಳ್ಳ ಕಿರುಮನೆಗಳನ್ನು ಉತ್ತಮವೆಂದೂ, ಹೂಕುಂಡಗಳಿಂದ ಎಲ್ಲವನ್ನೂ ಮುಚ್ಚಿದವನ್ನು ಮಧ್ಯಮವೆಂದೂ ನಾವು ಎಣಿಸುತ್ತೇವೆ.

ನಮ್ಮ ಶಾಲೆಯ ಬಿಲ್ಲೆಯನ್ನು ಈ ಲೆಕ್ಕದಲ್ಲಿ ಮಧ್ಯಮವೆನ್ನಬೇಕು. ಕೊಟ್ಟವಳ ಪ್ರೀತಿಗೆ ಇದರಿಂದ ಕುಂದಿಲ್ಲ. ಅದರ ಬಣ್ಣಗಾರಿಕೆ ಅಚ್ಚುಕಟ್ಟಾಗಿದೆ. ಬಾಗಿಲಿನ ಹಸುರಿನ ಮೇಲೆ ಒಂದು ಕಡೆ ಕುಂಚದ ಕೂದಲು ಎಳೆದ ಗೆರೆ ಉಳಿದಿದೆ. ನಮಗೆ ಅದರಲ್ಲಿ ಎಲ್ಲಕ್ಕಿಂತ ಪ್ರಿಯವಾದುದು ಆ ಗೆರೆ. ಹೆಸರಿಲ್ಲದ ಆ ಬಣ್ಣಗಾರ್ತಿ ಅಲ್ಲಿ ಒಂದು ಕ್ಷಣ ಕಾಣಿಸುತ್ತಾಳೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಅಂಗಡಿಯವನ ಮನೆ ಎಲ್ಲಿ? ಮರುವಾರ ನಾವು ತರಗತಿಯಲ್ಲಿ ಬಿಲ್ಲೆಯನ್ನು ಮತ್ತೆ ಮೇಜಿನ ಮೇಲಿಟ್ಟು, ಅದರ ಹಿಂಬದಿಯನ್ನು ನೀವೇ ಬರೆಯಿರಿ ಎಂದೆವು. ಒಬ್ಬಳು ಅಡಿಗೆಮನೆಯನ್ನು ಬರೆದಳು. ಒಬ್ಬನು ಸಾಲದ ಲೆಕ್ಕದ ಪುಸ್ತಕವನ್ನು ಬರೆದನು. ಆಗ ನಾವು ಅವರಿಗೆ ಒಂದು ಸಂಗತಿಯನ್ನು ಹೇಳಿದೆವು. ಲಂಡನ್ನಿನ ಜಿನಸಿನ ವ್ಯಾಪಾರಿಗಳ ಸಂಘದ ಮೂಲ ಹನ್ನೆರಡನೆಯ ಶತಮಾನದಲ್ಲಿಯೇ ಇದ್ದ ಮೆಣಸಿನ ವ್ಯಾಪಾರಿಗಳ ಕೂಟ. ಆ ಮೆಣಸು ಇಂಗ್ಲೆಂಡಿನಲ್ಲಿ ಬೆಳೆಯುವುದಿಲ್ಲ. ಅದು ಹಡಗುಗಳಲ್ಲಿ ಸಾಗಿದ್ದು ನಮ್ಮ ಈ ಪಡುಗಡಲ ಕರೆಯ ಬಳ್ಳಿಗಳಿಂದ. ನಮ್ಮ ಮಕ್ಕಳ ಮನೆಗಳ ಅಡಕೆ ಮರಗಳಿಗೆ ಇಂದೂ ಹಬ್ಬಿರುವ ಬಳ್ಳಿ ಅದೇ. ತರಗತಿ ಒಂದು ಗಳಿಗೆ ಸುಮ್ಮನಾಯಿತು. ಅನಂತರ ಕೊನೆಯ ಸಾಲಿನ ಆ ಹುಡುಗನು ತನ್ನ ಹಾಳೆಯಲ್ಲಿ ಅಂಗಡಿಯ ಹಿಂದೆ ಒಂದು ಅಡಕೆಯ ಮರವನ್ನೂ, ಅದಕ್ಕೆ ಏಣಿಯಿಟ್ಟು ಮೆಣಸು ಕೊಯ್ಯುತ್ತಿರುವ ತನ್ನ ಅಜ್ಜನನ್ನೂ ಬರೆದನು.

ಆ ಹಾಳೆಯನ್ನು ನಾವು ಬಿಲ್ಲೆಯ ಪಕ್ಕದಲ್ಲಿಯೇ ಗೋಡೆಗೆ ಅಂಟಿಸಿದ್ದೇವೆ. ಅಧ್ಯಾಪಕಮಿತ್ರರ ಕೈಗೆ ಇಂಥ ಚೆಲುವಾದ ವಸ್ತುವೊಂದು ಬಂದಲ್ಲಿ, ಅದರ ಅಂದವನ್ನು ಮಕ್ಕಳಿಗೆ ತೋರಿಸಲಿ; ಕೂಡಲೇ ಅದನ್ನು ತಿರುಗಿಸಿಯೂ ತೋರಿಸಲಿ. ಇಷ್ಟನ್ನು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ.